ಕರೆಂಟು ಕೊಟ್ಟ ಮೈ

ಮುಂದಿನ ಸೀಟಿನ ಹೆಂಗಸು ಮಾತಿಗೊಮ್ಮೆ ಹಿಂದಕ್ಕೆ ತಿರುಗುತ್ತಾಳೆ, ತಿರುಗಿದಾಗಲೆಲ್ಲ ಅವಳ ಮೂಗುಬೊಟ್ಟು ಬಿಸಿಲಿಗೆ ಮಿಂಚಿ ಜೋಗಮ್ಮನ ಕಣ್ಣಿಗೆ ಚುಚ್ಚುತ್ತದೆ, ಬಸ್ಸು ಸಿಂಧನೂರು ಬಿಟ್ಟು ಇನ್ನೂ ಎರಡು ಕಾಲುವೆ ದಾಟಿಲ್ಲ, ಅಷ್ಟರಲ್ಲೇ ನಾಲ್ಕು ಸಲ ತಿರುಗಿ ಆಯಿತು, ಯಾಕವ್ವ ನಿನ್ನ ಗಂಡ ಹಂಗ ವಾಲಿ ಕುಂತಾನ, ಏನ್ ಬ್ಯಾನಿ ಐತಿ — ಏನೂ ಇಲ್ಲ ಬೇ, ನೀ ಮುಂದ ನೋಡು, ಎಂದು ಜೋಗಮ್ಮ ಅಂದೇಬಿಟ್ಟಳು, ಅಂದದ್ದಕ್ಕೆ ಹೊಟ್ಟೆ ಸ್ವಲ್ಪ ತಣ್ಣಗಾಯಿತು, ಆದರೆ ಆ ಹೆಂಗಸು ಮುಂದೆ ತಿರುಗುವ ಮೊದಲು ನಾಲಿಗೆಯಿಂದ ಲೊಚ್ ಎಂದಳಲ್ಲ, ಆ ಲೊಚ್ ಇದೆಯಲ್ಲ, ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ, ಓಣಿಯಲ್ಲಿ ಲೊಚ್, ನಳದ ಹತ್ತಿರ ಲೊಚ್, ಗಿರಣಿ ಗೇಟಿನಲ್ಲಿ ಲೊಚ್, ಸತ್ತೇಹೋದ ಅನ್ನುವ ಹಾಗೆ, ಇನ್ನೂ ಬದುಕಿದ್ದಾನಲ್ಲ ಇಲ್ಲೇ ಕಿಟಕಿಯ ಪಕ್ಕ, ಎಡಕ್ಕೆ ವಾಲಿ, ಬಲಮಗ್ಗುಲು ಸೀಟಿಗೆ ತಾಗಿದರೆ ಜೀವ ಹೋಗುತ್ತದೆಂದು ವಾಲಿ ಕುಳಿತಿದ್ದಾನೆ, ಅಷ್ಟೇ. ಬಗಲ ಕೆಳಗಿನ ಪಟ್ಟಿಯಿಂದ ಕೀವಿನ ವಾಸನೆ ಬರುತ್ತಿದೆ, ಮೇಲೆ ಹೊದ್ದ ಟವೆಲ್ಲಿನಿಂದ ಸೋಪಿನ ವಾಸನೆ, ಬೆಳಿಗ್ಗೆ ಎದ್ದು ಎರಡು ಸಲ ಒಗೆದು ಒಣಗಿಸಿದ ಟವೆಲ್ಲು, ಆದರೂ ಕೀವೇ ಗೆಲ್ಲುತ್ತದೆ. ಕರೆಂಟು ಕೊಡುವುದು ಮುಗಿದು ಇವತ್ತಿಗೆ ನಲವತ್ತು ದಿನ. ಆರು ವಾರ ಅಂದರೆ ನಲವತ್ತೆರಡು, ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಡಿಗೆಮನೆ ಗೋಡೆಗೆ ದಿನಕ್ಕೊಂದು ಇದ್ದಿಲ ಗೆರೆ ಎಳೆದಿದ್ದಾಳೆ, ಮಗಳು ಗದ್ದೆಮ್ಮ ಇದೇನಬೇ ಎಂದು ಕೇಳಿದ್ದಕ್ಕೆ ಬೈಸಿಕೊಂಡಳು, ಪಾಪ, ಹದಿನಾಲ್ಕು ತುಂಬಿದ ಹುಡುಗಿ, ಅವಳನ್ನು ಬೈದು ಏನು ಬಂತು. ಇವತ್ತು ಲಿಂಗಸುಗೂರಿನ ಡಾಕ್ಟರು ಪಟ್ಟಿ ಬಿಚ್ಚಿ, ಹುಣ್ಣು ಮಾಯ್ದಿದೆ ಎಂದು ಒಂದು ಚೀಟಿ ಬರೆದುಕೊಟ್ಟರೆ ನಾಳೆ ಹೈದರಾಬಾದು, ನಾಡಿದ್ದು ಆಪರೇಶನ್ನು. ಬರೆಯದಿದ್ದರೆ ಆಪರೇಶನ್ನು ಇಲ್ಲ, ನಾಡಿದ್ದೂ ಇಲ್ಲ, ಮುಂದೆಂದೂ ಇಲ್ಲ.

ಇಷ್ಟು ಸಣ್ಣ ಮಾತು ತಿಳಿಯಲು ಒಂದು ವರ್ಷ ಹಿಡಿಯಿತು, ಯಾರನ್ನೆಲ್ಲ ಬೈಯಬೇಕು, ಎಲ್ಲಿಂದ ಶುರು ಮಾಡಬೇಕು, ಮೊದಲು ಆ ಟಿಬಿ ಗುಳಿಗೆ ಕೊಟ್ಟವನಿಂದ, ಕೆಮ್ಮು ಅಂದ ಕೂಡಲೇ ಟಿಬಿ, ಅಕ್ಕಿ ಗಿರಣಿಯಲ್ಲಿ ದುಡಿಯುವವ ಅಂದಮೇಲಂತೂ ಕೇಳುವುದೇ ಬೇಡ, ಕಫ ನೋಡಲಿಲ್ಲ, ಎದೆಯ ಫೋಟೋ ತೆಗೆಸಲಿಲ್ಲ, ನುಂಗು ಎಂದ, ಇವನು ನುಂಗಿದ, ಆರು ತಿಂಗಳು ಕೆಂಪಗೆ ಮೂತ್ರ ಹೊಯ್ದುಕೊಂಡು ನುಂಗಿದ, ನೋಡಽ ಜೋಗಿ ನನ್ನ ಉಚ್ಚಿ ಕುಂಕುಮದ ನೀರು ಆಗೇತಿ ಎಂದು ನಗುತ್ತಿದ್ದ, ನಗಲು ಏನಿತ್ತು ಅದರಲ್ಲಿ, ಏಳನೆಯ ತಿಂಗಳು ಕಫದಲ್ಲೇ ರಕ್ತ ಬಂದಾಗ ನಗು ನಿಂತಿತು. ಆಮೇಲೆ ಹೈದರಾಬಾದಿನ ದೊಡ್ಡ ಆಸ್ಪತ್ರೆ, ಸಾಲು, ಮತ್ತೆ ಸಾಲು, ಕೊನೆಗೆ ಆ ಮುದಿ ಸರ್ಜನ್ನು, ಬಡಕಲು ಮನುಷ್ಯ, ತೆಲುಗಿನವನು, ತೆಲುಗು ಅವಳಿಗೆ ಬರುತ್ತದೆ, ಆಂಧ್ರದವರ ಕ್ಯಾಂಪಿನಲ್ಲಿ ಹತ್ತು ವರ್ಷ ಭತ್ತ ನಾಟಿ ಮಾಡಿದವಳಿಗೆ ಬಾರದಿರುತ್ತದೆಯೇ, ಆ ಸರ್ಜನ್ನು ಎಕ್ಸರೇ ಲಕೋಟೆಯ ಬೆನ್ನಿಗೆ ಪೆನ್ನಿನಲ್ಲಿ ಒಂದು ಮನೆ ಬರೆದ, ಮನೆಯ ಸುತ್ತ ಗೋಡೆ ಬರೆದ, ನೋಡಮ್ಮಾ, ಈ ಮನೆ ಇವನ ಶ್ವಾಸಕೋಶ, ಕ್ಯಾನ್ಸರ್ ಗಡ್ಡೆ ಮನೆಯೊಳಗೇ ಇದ್ದಿದ್ದರೆ ನಾಳೆಯೇ ಕೊಯ್ದು ತೆಗೆಯುತ್ತಿದ್ದೆ, ಊರು ಬಿಟ್ಟು ಹೋಗಿದ್ದರೆ, ಲಿವರಿಗೋ ತಲೆಗೋ ಹೋಗಿದ್ದರೆ, ನನ್ನ ಕತ್ತಿಗೆ ಕೆಲಸ ಇಲ್ಲ, ಇವನದು ಗೋಡೆ ಹಾರಿದೆ, ಎದೆಗೂಡಿಗೆ ಹತ್ತಿದೆ, ನಡುವಿನ ಗ್ರಂಥಿಗಳಿಗೂ ಮುಟ್ಟಿದೆ, ಆದರೆ ಊರು ಬಿಟ್ಟಿಲ್ಲ, ಇಂಥದ್ದನ್ನು ಕೊಯ್ಯಲೇಬಾರದು ಅನ್ನುವ ಡಾಕ್ಟರುಗಳೂ ಇದ್ದಾರೆ, ನಾನು ಕೊಯ್ಯುತ್ತೇನೆ, ಆದರೆ ಮೊದಲು ಕರೆಂಟು ಕೊಟ್ಟು, ಅಂದರೆ ಕಣ್ಣಿಗೆ ಕಾಣದ ಕಿರಣ ಬಿಟ್ಟು, ಕುಗ್ಗಿಸಬೇಕು, ಕುಗ್ಗಿದ ಮೇಲೆ ನಾಲ್ಕು ವಾರ ಬಿಟ್ಟು ಕೊಯ್ಯಬೇಕು, ಆರು ವಾರ ದಾಟಿದರೆ ಒಳಗೆ ಎಲ್ಲ ಅಂಟಿಕೊಂಡು ಗಟ್ಟಿಯಾಗುತ್ತದೆ, ಆಗ ಕತ್ತಿ ಇಟ್ಟರೆ ರಕ್ತ ನಿಲ್ಲುವುದಿಲ್ಲ. ಕೊಯ್ದರೆ ಉಳಿಯುತ್ತಾರಾ ಎಂದು ಕೇಳಿದಳು. ನಾಲ್ವರಲ್ಲಿ ಒಬ್ಬ ಐದು ವರ್ಷ ದಾಟುತ್ತಾನೆ ಎಂದ. ಕೊಯ್ಯದಿದ್ದರೆ? ಪೆನ್ನಿಗೆ ಟೋಪಿ ಹಾಕಿದ, ಮುಂದಿನ ಹೆಸರು ಕೂಗಿಸಿದ. ಆ ಪೆನ್ನಿನ ಟೋಪಿಯ ಮೇಲೂ ಸಿಟ್ಟು ಬಂತು ಅವಳಿಗೆ, ಆದರೆ ನಾಲ್ವರಲ್ಲಿ ಒಬ್ಬ ಅನ್ನುವುದನ್ನು ಸೆರಗಿಗೆ ಗಂಟು ಹಾಕಿಕೊಂಡಳು, ಆ ಒಬ್ಬ ಇವನೇ ಯಾಕಾಗಬಾರದು, ಉಳಿದ ಮೂವರು ಯಾರಾದರೂ ಆಗಲಿ, ಅವರ ಹೆಂಡಂದಿರು ಅತ್ತುಕೊಳ್ಳಲಿ, ಹೌದು, ಹಾಗೇ ಅಂದುಕೊಂಡಳು, ದೇವರ ಮುಂದೆ ನಿಂತೂ ಹಾಗೇ ಕೇಳಿಕೊಂಡಳು.

ಇವನ ಮೇಲೂ ಸಿಟ್ಟೇ, ಪಕ್ಕದಲ್ಲಿ ವಾಲಿ ಕುಳಿತ ಈ ಆದೆಪ್ಪನ ಮೇಲೆ, ಇಪ್ಪತ್ತೆರಡು ವರ್ಷ ಗಿರಣಿಯ ಬಾಯ್ಲರಿಗೆ ಹೊಟ್ಟು ತುಂಬಿದ, ಹೊಗೆ ನುಂಗಿದ, ಅದು ಸಾಲದೆಂದು ಬೀಡಿ, ದಿನಕ್ಕೆ ಎರಡು ಕಟ್ಟು, ಹೊಗಿಯಾಗ ನಿಂತವಗ ಬೀಡಿ ಹೊಗಿ ಏನ್ ಮಾಡ್ತೈತಿ ಹೋಗಽ ಅನ್ನುತ್ತಿದ್ದ, ಇವಳು ಕಿತ್ತುಕೊಂಡರೆ ತಗಡಿನ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದ, ಗಡ್ಡೆ ಐತಿ ಎಂದು ಗೊತ್ತಾದ ಮೇಲೂ ಒಮ್ಮೆ ಕಕ್ಕಸಿನ ಗೋಡೆಯ ಹಿಂದೆ ಸಿಕ್ಕಿಬಿದ್ದ, ಸಿಕ್ಕಿಬಿದ್ದು ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತ, ಹೊಡೆಯಬೇಕು ಅನ್ನಿಸಿತ್ತು, ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು. ಕರೆಂಟು ಕೊಡುವ ಕೋಣೆಯ ಮುಂದೆ ಅಂಗಿ ಬಿಚ್ಚಿ ಕುಳಿತಾಗ ಎದೆಗೆ, ಬೆನ್ನಿಗೆ ನೇರಳೆ ಬಣ್ಣದ ಗೆರೆ ಹಾಕಿದ್ದರು, ಹೊಲ ಅಳೆಯುವವರು ಹದ್ದಿಗೆ ಗೆರೆ ಹಾಕಿದ ಹಾಗೆ, ಗೆರೆ ಅಳಿಸಬೇಡಿ, ಸೋಪು ಹಚ್ಚಬೇಡಿ, ಅಲ್ಲಿ ಏನನ್ನೂ ಹಚ್ಚಬೇಡಿ, ಏನನ್ನೂ ಎಂದರೆ ಏನನ್ನೂ, ಎಂದು ನರ್ಸು ಎರಡು ಸಲ ಹೇಳಿದಳು, ಎರಡು ಸಲವೂ ಜೋಗಮ್ಮ ಹ್ಞೂಂ ಅಂದಳು. ಇಪ್ಪತ್ತು ದಿನ ಕರೆಂಟು, ದಿನಕ್ಕೆ ಮೂರು ನಿಮಿಷ, ಗಾಯವಿಲ್ಲ, ನೋವಿಲ್ಲ, ಶಬ್ದ ಕೂಡ ಇಲ್ಲ, ಕೊನೆಕೊನೆಗೆ ಆ ಗೆರೆಯೊಳಗಿನ ಚರ್ಮ ಕಪ್ಪಗಾಯಿತು, ಹೆಂಚಿನ ತಳದಷ್ಟು ಕಪ್ಪು, ಅದರೊಳಗೆ ಉರಿ, ತುರಿಕೆ. ಹೀಗಾಗುವುದೇ, ಹೆದರಬೇಡಿ, ತಾನೇ ಹೋಗುತ್ತದೆ ಎಂದಿದ್ದರು. ಫೋಟೋದಲ್ಲಿ ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು, ಆ ಬಡಕಲು ಸರ್ಜನ್ನು ಮೊದಲ ಸಲ ನಕ್ಕ, ಊರಿಗೆ ಹೋಗಿ ಹೊಗೆ ಇಲ್ಲದ ಕಡೆ ಇರಿ, ಮೊಟ್ಟೆ ತಿನ್ನಿಸು, ನಾಲ್ಕು ವಾರಕ್ಕೆ ಕರೆದುಕೊಂಡು ಬಾ ಎಂದ. ಹೊಗೆ ಇಲ್ಲದ ಕಡೆ ಎಂದರೆ ಸಿಂಧನೂರಿನ ಗಿರಣಿ ಓಣಿ ಅಲ್ಲವಲ್ಲ, ಅದಕ್ಕೇ ಮಸ್ಕಿಗೆ ಹೋದದ್ದು, ಇವನ ಅಣ್ಣ ಗಿಡ್ಡಪ್ಪನ ಮನೆಗೆ. ಹೋಗಬಾರದಿತ್ತು.

ಭತ್ತದ ಹೊಲ ಮುಗಿಯಿತು, ಕಾಲುವೆ ಹಿಂದೆ ಉಳಿಯಿತು, ಈಗ ಬರೀ ಜೋಳ, ಕರಿಮಣ್ಣು, ಅಲ್ಲಲ್ಲಿ ಬಂಡೆ, ದೂರದಲ್ಲಿ ಮಸ್ಕಿಯ ಗುಡ್ಡ ಕಾಣಿಸಿತು, ನಿಂತಿರುತ್ತಾನೆ ಅವನು, ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ, ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಲು ಲಿಂಗಸುಗೂರಿಗೆ ಹೋಗುವಾಗೆಲ್ಲ ಹಾಗೇ ನಿಂತಿರುತ್ತಾನೆ, ಬಿಳಿ ಟೋಪಿ, ಬಿಳಿ ಧೋತರ, ಸರ್ಕಾರಿ ಸಾಲೆಯ ಜವಾನ, ಗಂಟೆ ಹೊಡೆಯುವುದಕ್ಕೂ ಟೋಪಿ ಬೇಕು ಇವನಿಗೆ — ನಿಂತೇ ಇದ್ದಾನೆ ನೋಡು. ಹತ್ತಿದ. ಬಂದೀರಿ, ಎಂದ, ಬರದೆ ಇನ್ನೇನು, ಜೋಗಮ್ಮ ಕಿಟಕಿಯ ಕಡೆ ಮುಖ ಮಾಡಿದಳು, ತಮ್ಮಾ ಹ್ಯಾಂಗದೀಯಪಾ ಎಂದ, ಆರಾಮ ಅದೀನೋ ಅಣ್ಣಾ ಎಂದ ಇವನು, ಆರಾಮವಂತೆ. ಎದುರಿನ ಸೀಟಿನ ಅಂಚಿಗೆ ಕುಳಿತು ಗಿಡ್ಡಪ್ಪ ಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು ಸುಲಿಯತೊಡಗಿದ, ಬೆರಳು ದಪ್ಪ, ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಕಿತ್ತು ಬರುತ್ತದೆ, ಕೆಳಗೆಲ್ಲ ಸಿಪ್ಪೆ, ಏ ಯಜಮಾನ, ಬಸ್ಸೇನ್ ನಿನ್ನ ಮನಿ ತಿಪ್ಪಿಯೇನು ಎಂದು ಕಂಡಕ್ಟರು ಗದರಿದ, ಗದರಲಿ, ಇನ್ನೂ ಗದರಲಿ, ತಪ್ಪಾತ್ರಿ ಎಂದು ಗಿಡ್ಡಪ್ಪ ಬಗ್ಗಿ ಒಂದೊಂದೇ ಸಿಪ್ಪೆ ಆರಿಸಿ ಧೋತರದ ಮಡಿಲಿಗೆ ಹಾಕಿಕೊಂಡ, ಎಷ್ಟು ಒಳ್ಳೆಯವನ ಹಾಗೆ ಕಾಣುತ್ತಾನೆ, ನೋಡಿದವರಿಗೆ ಅಯ್ಯೋ ಅನ್ನಿಸಬೇಕು ಹಾಗೆ. ಇವನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ. ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದವನು, ತಮ್ಮ ಬಂದನೆಂದು ತನ್ನ ಹೊರಸನ್ನು ಅವನಿಗೆ ಬಿಟ್ಟುಕೊಟ್ಟು ಕಟ್ಟೆಯ ಮೇಲೆ ಮಲಗಿದ, ಎಲ್ಲಿಂದಲೋ ನಾಟಿಕೋಳಿ ಮೊಟ್ಟೆ ತಂದ, ತಂದವನು ಅಷ್ಟಕ್ಕೇ ಸುಮ್ಮನಿರಬೇಕಿತ್ತೋ ಇಲ್ಲವೋ, ಕರೆಂಟು ಮುಗಿದ ಇಪ್ಪತ್ತನೆಯ ದಿನ ತಮ್ಮನ ಅಂಗಿ ಎತ್ತಿ ಆ ಕರಿ ಚರ್ಮ ನೋಡಿ ಹೌಹಾರಿದ, ಯಪ್ಪಾ, ಒಳಗ ಕರೆಂಟಿನ ಕಾವು ನಿಂತುಬಿಟ್ಟೈತಿ, ಅದು ಹೊರಗ ಬರಾಕ ಒಂದು ಬಾಯಿ ಬೇಕು, ಇಲ್ಲಂದ್ರ ಹುಡುಗನ್ನ ಒಳಗಿಂದ ಒಳಗ ಸುಡ್ತೈತಿ, ಮಕ್ತುಂಬೀ ಹಂತ್ಯಾಕ ಒಂದು ಚುಟಿಗಿ ಹಾಕಸೋಣು. ಈ ಸೀಮೆಯಲ್ಲಿ ಕಾಯಿಸಿದ ಕಬ್ಬಿಣದ ಚುಟಿಗೆಯ ಬರೆ ಇಲ್ಲದ ಮೈ ಯಾರದಿದೆ, ಹೊಟ್ಟೆ ನೋವಿಗೆ ಚುಟಿಗೆ, ಕಾಮಾಲಿಗೆ ಚುಟಿಗೆ, ಕೂಸು ಹಾಲು ಕಕ್ಕಿದರೆ ಬಳೆಚೂರು ಕಾಯಿಸಿ ಚುಟಿಗೆ, ಆದೆಪ್ಪನ ಹೊಕ್ಕಳ ಸುತ್ತಲೂ ಐದು ಚುಕ್ಕೆ ಇವೆ, ಅವರವ್ವ ಹಾಕಿಸಿದ್ದು.

ಇವತ್ತು ಡಾಕ್ಟರು ಬರೆಯದಿದ್ದರೆ ಏನು ಮಾಡಬೇಕೆಂದು ಅವಳು ನಿಶ್ಚಯ ಮಾಡಿಯೇ ಬಂದಿದ್ದಾಳೆ, ಆಸ್ಪತ್ರೆಯ ಅಂಗಳದಲ್ಲಿ, ನಾಲ್ಕು ಮಂದಿಯ ಎದುರು, ಎರಡು ಕೈ ತುಂಬ ಮಣ್ಣು ಎತ್ತಿ ಈ ಗಿಡ್ಡಪ್ಪನ ಬಿಳಿ ಟೋಪಿಯ ಮೇಲೆ ತೂರುತ್ತಾಳೆ, ನನ್ನ ಗಂಡನ್ನ ಸುಟ್ಟವ ನೀನು, ನಿನ್ನ ಮನಿ ಹೊಸ್ತಿಲಾ ನಾ ತುಳದ್ರ ನನ್ನ ಹೆಸರು ಜೋಗಮ್ಮ ಅಲ್ಲ, ಮಾತು ಬಾಯಿಪಾಠವಾಗಿದೆ, ರೊಟ್ಟಿ ಬಡಿಯುವಾಗ ಹೇಳಿಕೊಂಡಿದ್ದಾಳೆ, ಬಟ್ಟೆ ಒಗೆಯುವಾಗ ಹೇಳಿಕೊಂಡಿದ್ದಾಳೆ, ಸುಟ್ಟವ ನೀನು, ಸುಟ್ಟವ ನೀನು. ಆದರೆ ಮಕ್ತುಂಬೀ, ಆ ಮುದುಕಿ ಒಲ್ಲೆ ಅಂದಿದ್ದಳಲ್ಲ. ಇದು ಯಾಕೆ ಈಗ ನೆನಪಾಗಬೇಕು. ಅಂಗಳದಲ್ಲಿ ಒಲೆ, ಒಲೆಯಲ್ಲಿ ಕುಡಗೋಲಿನ ತುದಿ, ಮುದುಕಿ ಕಣ್ಣು ಕಿರಿದು ಮಾಡಿ ಆ ಚರ್ಮ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು, ಇದು ನಾ ಕಂಡ ಬ್ಯಾನಿ ಅಲ್ಲವ್ವಾ, ಇದು ದವಾಖಾನಿ ಬ್ಯಾನಿ, ನಾ ಮುಟ್ಟಂಗಿಲ್ಲ, ಎಂದಳು, ಗಿಡ್ಡಪ್ಪ ಆಗಲಿ ಬಿಡು ಹೋಗೋಣು ಎಂದು ಚಪ್ಪಲಿ ಮೆಟ್ಟಿದ, ಹೌದು, ಮೆಟ್ಟಿದ, ಒಂದು ಕಾಲಿಗೆ ಮೆಟ್ಟಿಯೂ ಆಗಿತ್ತು, ಆಗ ಯಾರೋ ಅಂದರು — ನನ್ನ ಮಗಳನ್ನ ಉಳಿಸಿದಾಕಿ ನೀನು ಚಾಚಿ, ಆರು ತಿಂಗಳ ಕೂಸು, ಕಾಮಾಲಿ ಆಗಿ ಕಣ್ಣು ಅರಿಶಿಣ ಆಗಿದ್ವು, ಡಾಕ್ಟರು ಕೈ ಚೆಲ್ಲಿದ್ರು, ನೀ ಮೂರು ಚುಟಿಗಿ ಇಟ್ಟಿ, ಮೂರು ದಿನಕ್ಕ ಹಾಲು ಕುಡೀತು, ಈಗ ನನ್ನ ಗಂಡಗ ಒಲ್ಲೆ ಅಂತೀಯೇನು, ಕಾಲು ಬೀಳ್ತೀನಿ ಚಾಚಿ. ಆ ಮಾತು ಭಾವನದೇ ಇರಬೇಕು, ಅವನದೇ, ಆದರೆ ಧ್ವನಿ ಹೆಂಗಸಿನದು, ಭಾವನಿಗೆ ಮಗಳೆಲ್ಲಿದ್ದಾಳೆ, ಕಾಲು ಹಿಡಿದದ್ದೂ ನಿಜ, ಮುದುಕಿಯ ಕಾಲ್ಬೆರಳಿನ ಬೆಳ್ಳಿಯುಂಗುರ ಹಣೆಗೆ ತಣ್ಣಗೆ ತಾಗಿದ್ದೂ ನಿಜ, ತನ್ನ ಹಣೆಗೆ. ನರ್ಸು ಏನನ್ನೂ ಹಚ್ಚಬೇಡಿ ಅಂದಿದ್ದಳು, ಚುಟಿಗೆ ಎಂದರೆ ಹಚ್ಚುವುದಲ್ಲವಲ್ಲ, ಎಂದುಕೊಂಡಿದ್ದಳು, ಎಷ್ಟು ಜಾಣೆ. ಮುದುಕಿ ಕೊನೆಗೆ ಬಿಸ್ಮಿಲ್ಲಾ ಎಂದಳು, ಯಾರರ ಒಬ್ಬರು ಕೈ ಹಿಡಕೊಳ್ರಿ ಎಂದಳು, ಗಿಡ್ಡಪ್ಪ ನನ್ನ ಕೈಲಿ ಆಗಂಗಿಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ನಿಂತ, ಚಾಪೆಯ ಮೇಲೆ ಆದೆಪ್ಪ ಎಡಮಗ್ಗುಲಾಗಿ ಮಲಗಿದ್ದಾನೆ, ಬಲಗೈ ತಲೆಯ ಮೇಲಕ್ಕೆ ಚಾಚಿದೆ, ತಲೆಯ ಹತ್ತಿರ ಕುಳಿತು ಆ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಅದುಮಿ ಹಿಡಿದವರು, ಅಂಗೈ ಕಣ್ಣೆದುರಿಗೇ ಇತ್ತು, ಬಿಚ್ಚಿಕೊಂಡ ಅಂಗೈ — ಲಿಂಗಸುಗೂರು, ಲಿಂಗಸುಗೂರು, ಇಳೀರಿ ಲಗೂನ, ಕಂಡಕ್ಟರು ಸೀಟಿಯೂದಿದ, ಅಣ್ಣ ತಮ್ಮನ ಎಡ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ.

ಡಾಕ್ಟರು ಹರೆಯದವನು, ಆ ಮುದಿ ಸರ್ಜನ್ನಿನ ಕೈಕೆಳಗೆ ಕಲಿತವನು, ನಾಲ್ಕು ವಾರಕ್ಕೆ ಹೈದರಾಬಾದಿಗೆ ಹೋದಾಗ ಸರ್ಜನ್ನು ಅಂಗಿ ಎತ್ತಿಸಿ ಕೀವು ನೋಡಿ ಫೈಲನ್ನು ಮೇಜಿಗೆ ಬಡಿದು, ನಾನು ಕೊಯ್ಯಬೇಕಾದ ದಾರಿಯ ಮೇಲೇ ಸುಟ್ಟಿದ್ದೀರಲ್ಲ, ಕರೆಂಟು ಕೊಟ್ಟ ಚರ್ಮ ಸುಟ್ಟರೆ ಕೂಡುವುದಿಲ್ಲ, ಹೋಗಿ, ನನ್ನ ಶಿಷ್ಯ ಲಿಂಗಸುಗೂರಿನಲ್ಲಿದ್ದಾನೆ, ಮಾಯಿಸಲು ಎರಡು ವಾರ ಇದೆ ಎಂದು ಇವನ ಹೆಸರು ಬರೆದುಕೊಟ್ಟದ್ದು. ಈಗ ಪಟ್ಟಿ ಬಿಚ್ಚುತ್ತಿದ್ದಾನೆ, ಅಂಟಿದ ಹತ್ತಿಗೆ ನೀರು ಬಿಟ್ಟು ಬಿಟ್ಟು ಬಿಚ್ಚುತ್ತಿದ್ದಾನೆ, ಮೂರು ಹುಣ್ಣಿನಲ್ಲಿ ಮೊದಲನೆಯದು ಒಣಗಿದೆ, ದೇವರೇ, ಎರಡನೆಯದೂ ಒಣಗಿದೆ, ನಾಲ್ವರಲ್ಲಿ ಒಬ್ಬ, ನಾಲ್ವರಲ್ಲಿ ಒಬ್ಬ, ಮೂರನೆಯದರಲ್ಲಿ ಅವನು ಚಿಮಟ ಹಾಕಿದ, ಚಿಮಟ ಒಳಗೆ ಹೋಯಿತು, ಹೋಗುತ್ತಲೇ ಇತ್ತು, ಯಾವುದೋ ಗಟ್ಟಿಗೆ ತಾಗಿ ಟಿಕ್ ಎಂದಿತು. ಎಲುಬು, ಎಂದ ಡಾಕ್ಟರು. ಕೈ ತೊಳೆದುಕೊಂಡ, ಬಹಳ ಹೊತ್ತು ತೊಳೆದುಕೊಂಡ. ನಾ ಬರಿಯಂಗಿಲ್ಲವ್ವ, ಇದರ ಮ್ಯಾಲೆ ಕತ್ತಿ ಇಟ್ರ ಒಳಗೂ ಕೀವು ಆಗಿ ಮೂರು ದಿನಕ್ಕ ಹೋಗ್ತಾನ, ಇದು ಮಾಯಾಕ ಇನ್ನ ಎರಡು ತಿಂಗಳು ಬೇಕು, ಆಮ್ಯಾಲೆ ಕೊಯ್ಯಾಕ ಬರಂಗಿಲ್ಲ, ಕೆಮ್ಮಿಗೆ, ನೋವಿಗೆ ಔಷಧ ಕೊಡ್ತೀನಿ. ಹೇಳುತ್ತ ಹೇಳುತ್ತ ಅವನಿಗೇ ಸಿಟ್ಟು ಏರಿತು, ಎಲುಬಿನ ಮಟ ಸುಟ್ಟಾರಲ್ಲ, ಎಚ್ಚರಿದ್ದ ಮನಿಶಾ ಅಲ್ಲೀಮಟ ಹ್ಯಾಂಗ ಸುಮ್ಮನಿದ್ದ, ಯಾರು ಇವನ್ನ ಹಿಡಕೊಂಡಿದ್ರು, ಹೇಳ್ರಿ, ಯಾರು? ಮೇಜಿನ ಮೇಲೆ ಮಲಗಿದ್ದ ಆದೆಪ್ಪ ಗೋಡೆ ನೋಡುತ್ತಲೇ ಅಂದ, ಯಾರೂ ಹಿಡದಿಲ್ರೀ ಸಾಹೇಬ್ರ, ನಾನೇ ಸುಮ್ಮನ ಮಲಗಿದ್ದೆ. ಅದೇ ಉಸಿರಿಗೆ ಬಾಗಿಲ ಹತ್ತಿರದಿಂದ ಗಿಡ್ಡಪ್ಪ, ನಾನು ರೀ, ನಾ ಹಿಡಕೊಂಡಿದ್ದೆ, ಚುಟಿಗಿ ಹಾಕಸಿದಾವನೂ ನಾನೇ ರೀ, ತಮ್ಮಗ ಏನೂ ಗೊತ್ತಿಲ್ಲ, ಈ ಹೆಣ್ಮಗಳಿಗಂತೂ ಏನೂ ಗೊತ್ತಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಬೋಳುತಲೆ ಬೆವರಿದೆ, ಸುಳ್ಳ, ಗೋಡೆಗೆ ಮುಖ ಮಾಡಿ ನಿಂತ ಸುಳ್ಳ, ಇಬ್ಬರೂ ಸುಳ್ಳರು, ಡಾಕ್ಟರು ಅವನನ್ನು ನೋಡಿದ, ಇವನನ್ನು ನೋಡಿದ, ಅವಳನ್ನು ನೋಡಲಿಲ್ಲ, ಯಾರೂ ಅವಳನ್ನು ನೋಡುತ್ತಿಲ್ಲ, ನೋಡ್ರೋ ಯಾರಾದರೂ, ಬೈಯಿರೋ, ಮಣ್ಣು ತೂರಬೇಕು, ಹೊರಗೆ ಬೇಕಾದಷ್ಟು ಮಣ್ಣಿದೆ, ಯಾರ ತಲೆಯ ಮೇಲೆ, ಸುಟ್ಟವ ನೀನು ಎಂದು ಯಾರಿಗೆ, ಕಣ್ಣ ಮುಂದೆ ಬರುತ್ತಿರುವುದು ಅದೊಂದೇ, ಮೊದಲನೆಯ ಸಲ ಕುಡಗೋಲು ಇಳಿದಾಗ ಅವನು ಕೊಸರಲಿಲ್ಲ, ಬಿಡು ಅನ್ನಲಿಲ್ಲ, ಮುಷ್ಟಿ ಕಟ್ಟಲಿಲ್ಲ, ತನ್ನ ಹತ್ತು ಬೆರಳು ಅವನ ಮಣಿಕಟ್ಟಿನ ಮೇಲೆ, ಅದರ ಮೇಲೆ ಅವನ ಅಂಗೈ, ಬೀಡಿಯಿಂದ ಹಳದಿಯಾದ ಬೆರಳುಗಳು, ಇನ್ನೊಂದು ರೊಟ್ಟಿ ಹಾಕು ಎಂದು ಚಾಚಿದ ಹಾಗೆ ಅವಳ ಮುಖದೆದುರು ಬಿಚ್ಚಿಕೊಂಡ ಅಂಗೈ, ಎರಡನೆಯ ಸಲ ಇಳಿಯಿತು, ಬಿಚ್ಚಿಯೇ ಇತ್ತು, ಸುಟ್ಟ ವಾಸನೆ, ಚಾಚೀ ಇನ್ನೊಂದು, ಮೂರು ಇಡಬೇಕು, ನನ್ನ ಮಗಳಿಗೂ ಮೂರೇ ಇಟ್ಟಿದ್ದಿ, ಎಂದ ತನ್ನದೇ ಧ್ವನಿ, ಮೂರನೆಯ ಸಲ ಇಳಿಯಿತು, ಇಳಿದದ್ದು ಮೇಲೇಳಲಿಲ್ಲ, ಅವನ ಅಂಗೈ ಬಿಚ್ಚಿಯೇ ಇತ್ತು, ಅವಳ ಕಡೆಗೆ, ಬಿಚ್ಚಿಯೇ —